ಮಿದುಳಿನ ಗಡ್ಡೆಗೆ ಕೊಡುವ ವಿಕಿರಣ ಆಕರಕೋಶಗಳನ್ನೇ ಗುರಿಯಾಗಿಸಿಕೊಳ್ಳಬೇಕೇ?

ಪರ

ಮೆಕ್ಕೆಜೋಳದ ಹೊಲದಲ್ಲಿ ಜೇಕಿನೊಂದಿಗೆ ಹೆಣಗಿದ ದಾವಣಗೆರೆ ಸೀಮೆಯ ರೈತನಿಗೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಡೆಕುಂಟೆ ಹೊಡೆದ ಮೇಲೆ ಸಾಲುಗಳು ಹಸನಾಗಿ ಕಾಣುತ್ತವೆ. ಮಣ್ಣಿನೊಳಗೆ ಗಡ್ಡೆ ಉಳಿದಿರುವುದರಿಂದ ಒಂದು ಹದ ಮಳೆಯಾದರೆ ಸಾಕು, ಜೇಕು ಮತ್ತೆ ತಲೆಯೆತ್ತುತ್ತದೆ. ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರಿನ ವರ್ತನೆಯೂ ಹೀಗೆಯೇ. ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬಹುದಾದಷ್ಟನ್ನು ತೆಗೆದು, ಸುತ್ತಲಿನ ಒಂದೂವರೆ ಎರಡು ಸೆಂಟಿಮೀಟರ್ ಅಂಚನ್ನೂ ಸೇರಿಸಿ 60 ಗ್ರೇ (ಗ್ರೇ ಎಂದರೆ ವಿಕಿರಣದ ಪ್ರಮಾಣದ ಅಳತೆ) ವಿಕಿರಣವನ್ನು 30 ಕಂತುಗಳಲ್ಲಿ ಆರು ವಾರ ಕೊಟ್ಟರೂ, ರೋಗ ಬಹುಪಾಲು ಮರಳುವುದು ಅದೇ ಜಾಗದಲ್ಲಿ, ಅಂದರೆ ಅತಿ ಹೆಚ್ಚು ವಿಕಿರಣ ಬಿದ್ದ ನೆಲದಲ್ಲಿಯೇ.

ಹಾಗಾದರೆ ಅಲ್ಲಿ ಬದುಕಿ ಉಳಿದದ್ದು ಯಾವುದು? 2004ರಲ್ಲಿ ಟೊರಾಂಟೊದ ಸಂಶೋಧಕರು ಗಡ್ಡೆಯ ಕೋಶಗಳನ್ನು ಸಿಡಿ133 ಎಂಬ ಮೇಲ್ಮೈ ಗುರುತಿನ ಆಧಾರದಿಂದ ಬೇರ್ಪಡಿಸಿ ಇಲಿಗಳ ಮಿದುಳಿಗೆ ಸೇರಿಸಿದರು. ಗುರುತಿದ್ದ ಕೋಶಗಳಲ್ಲಿ ಬರೀ ನೂರು ಸಾಕಾದವು, ಹೊಸ ಗಡ್ಡೆ ಬೆಳೆಯಿತು. ಗುರುತಿಲ್ಲದವು ಒಂದು ಲಕ್ಷವಿದ್ದರೂ ಬೆಳೆಯಲಿಲ್ಲ. ಸ್ಟೆಮ್ ಸೆಲ್ ಎಂದು ವೈದ್ಯರು ಕರೆಯುವ ಆಕರಕೋಶಗಳ ಲಕ್ಷಣ ಇದೇ. ಎರಡು ವರ್ಷಗಳ ನಂತರ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಿಕಿರಣ ಬಿದ್ದ ಮೇಲೆ ಗಡ್ಡೆಯಲ್ಲಿ ಈ ಕೋಶಗಳ ಪಾಲು ಕಡಿಮೆಯಾಗುವ ಬದಲು ಹೆಚ್ಚಿತ್ತು. ವಿಕಿರಣ ಕೋಶವನ್ನು ಕೊಲ್ಲುವುದು ಡಿಎನ್‌ಎ ಎಳೆಗಳನ್ನು ಕತ್ತರಿಸಿ. ಆದರೆ ಆಕರಕೋಶಗಳು ಚೆಕ್ 1, ಚೆಕ್ 2 ಎಂಬ ಕಾವಲು ಪ್ರೋಟೀನುಗಳನ್ನು ಬೇಗ ಎಚ್ಚರಿಸಿ, ವಿಭಜನೆಯನ್ನು ತಡೆಹಿಡಿದು, ಹರಿದದ್ದನ್ನು ಹೊಲಿದುಕೊಂಡ ಮೇಲೆಯೇ ಮುಂದೆ ಸಾಗುತ್ತವೆ. ಆ ಕಾವಲನ್ನು ಔಷಧದಿಂದ ಕಟ್ಟಿಹಾಕಿದಾಗ ಅದೇ ಕೋಶಗಳು ವಿಕಿರಣಕ್ಕೆ ಬಲಿಯಾದವು. ನನ್ನ ಮಟ್ಟಿಗೆ ಪರ ವಾದದ ಅತ್ಯಂತ ಗಟ್ಟಿ ಸಾಕ್ಷಿ ಇದು.

ಇದಕ್ಕೆ ಆಮ್ಲಜನಕದ ಲೆಕ್ಕವೂ ಸೇರುತ್ತದೆ. ವಿಕಿರಣ ಮಾಡಿದ ಗಾಯ ಕಾಯಂ ಆಗಬೇಕಾದರೆ ಆಮ್ಲಜನಕ ಬೇಕು. ಅದಿಲ್ಲದೆಡೆ ಅಷ್ಟೇ ಹಾನಿಗೆ ಎರಡೂವರೆಯಿಂದ ಮೂರು ಪಟ್ಟು ಪ್ರಮಾಣ ಬೇಕಾಗುತ್ತದೆ. ಆಕರಕೋಶಗಳಲ್ಲಿ ಹಲವು ನೆಲೆಸುವುದು ಅಂಥ ಉಸಿರುಗಟ್ಟಿದ ಮೂಲೆಗಳಲ್ಲಿಯೇ. ಇಷ್ಟು ತಿಳಿದ ಮೇಲೂ ಇಡೀ ಗಡ್ಡೆಯನ್ನು ಒಂದೇ ಬಗೆಯ ಕೋಶಗಳ ರಾಶಿಯೆಂದು ಎಣಿಸಿ ಚಿಕಿತ್ಸೆ ಯೋಜಿಸುವುದು ಸರಿಯಲ್ಲ.

ವಿರೋಧ

ಜೇಕಿನ ಹೋಲಿಕೆ ಚೆನ್ನಾಗಿದೆ, ಆದರೆ ಜೇಕಿನ ಎಲೆ ಮತ್ತೆ ಗಡ್ಡೆಯಾಗುವುದಿಲ್ಲ. ಇಲ್ಲಿ ಆಗುತ್ತದೆ. ಸಾಮಾನ್ಯ ಗಡ್ಡೆಕೋಶಗಳು ವಿಕಿರಣದ ಪೆಟ್ಟು ತಿಂದ ಮೇಲೆ ಆಕರಕೋಶದ ಗುಣಗಳನ್ನು ಮರಳಿ ಪಡೆಯಬಲ್ಲವೆಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಇಂದು ಗುರಿಯಾಗಿಸಿಕೊಂಡ ಗುಂಪನ್ನು ಪೂರ್ತಿ ಅಳಿಸಿದರೂ ನಾಳೆ ಚಿಕಿತ್ಸೆಯೇ ಹೊಸ ಗುಂಪನ್ನು ಹುಟ್ಟಿಸಬಹುದಾದರೆ, ಗುರಿ ಎಂಬ ಮಾತಿಗೆ ಅರ್ಥವೇನು?

ಗುರುತಿನ ವಿಷಯವೂ ಸಡಿಲವಾಗಿದೆ. ಸಿಡಿ133 ಇಲ್ಲದ ಕೋಶಗಳಿಂದಲೂ ಗಡ್ಡೆ ಬೆಳೆದದ್ದನ್ನು ನಂತರದ ಅಧ್ಯಯನಗಳು ತೋರಿಸಿವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಆಕರಕೋಶಗಳು ಎಲ್ಲ ಪ್ರಯೋಗಾಲಯಗಳಲ್ಲೂ ವಿಕಿರಣಕ್ಕೆ ಜಗ್ಗದೆ ನಿಂತಿಲ್ಲ. ಕೆಲವೆಡೆ, ಪ್ರಯೋಗಾಲಯಗಳಲ್ಲಿ ಹಿಂದಿನಿಂದ ಬೆಳೆಸಿಕೊಂಡು ಬಂದ ಗಡ್ಡೆಯ ಕೋಶತಳಿಗಳಿಗಿಂತ ಬೇಗ ಸತ್ತಿವೆ. ಅವೇ ಇಲಿಯ ಮಿದುಳಿನಲ್ಲಿ ಗಟ್ಟಿಯಾಗಿ ನಿಂತವು. ಎಂದರೆ ಬಲ ಕೋಶದ್ದಷ್ಟೇ ಅಲ್ಲ, ನೆರೆಹೊರೆಯದ್ದೂ ಹೌದು.

ಇನ್ನು ಪ್ರಮಾಣ ಹೆಚ್ಚಿಸುವ ಮಾತು. 60 ಗ್ರೇ ಮೀರಿ 70ರ ಆಸುಪಾಸಿಗೆ ಏರಿಸಿ ನೋಡಿದ ಪರೀಕ್ಷೆಗಳಲ್ಲಿ ರೋಗಿಗಳ ಆಯುಷ್ಯ ಬೆಳೆಯಲಿಲ್ಲ. ಆಕರಕೋಶಗಳ ನೆಲೆಯೆಂದು ಮಿದುಳಿನೊಳಗೆ ದ್ರವ ತುಂಬಿದ ಕುಹರಗಳ ಪಕ್ಕದ ಪದರಕ್ಕೆ ಹೆಚ್ಚು ವಿಕಿರಣ ಕೊಡಬೇಕೆನ್ನುವವರಿದ್ದಾರೆ. ಅಲ್ಲಿಗೆ ಹತ್ತಿರದಲ್ಲೇ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಇದೆ ಎಂಬುದನ್ನು ಮರೆಯುವಂತಿಲ್ಲ. ದೊಡ್ಡ ಪರೀಕ್ಷೆಯಲ್ಲಿ ನಿಜವಾದ ಲಾಭ ತಂದವುಗಳಲ್ಲಿ ಮುಖ್ಯವಾದದ್ದು ವಿಕಿರಣದ ಜೊತೆ ಕೊಟ್ಟ ಟೆಮೊಜೊಲೊಮೈಡ್ ಎಂಬ ಕಿಮೊಥೆರಪಿ ಗುಳಿಗೆ: 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಧ್ಯಮ ಆಯುಷ್ಯ (ರೋಗಿಗಳಲ್ಲಿ ಅರ್ಧದಷ್ಟು ಮಂದಿ ಬದುಕಿದ್ದ ಅವಧಿ) 12.1 ತಿಂಗಳಿಂದ 14.6ಕ್ಕೆ ಏರಿತು. ಆ ಚಿಕಿತ್ಸೆ ಆಕರಕೋಶಗಳನ್ನು ಹುಡುಕಿ ಹೊರಟದ್ದಲ್ಲ.

ಚಿತ್ರದುರ್ಗದ ಕಡೆಯ ಒಂದು ಕುಟುಂಬ ಇಂಥ ಚಿಕಿತ್ಸೆಗೆ ಬೆಂಗಳೂರಿಗೆ ಹೋದರೆ, ಆಸ್ಪತ್ರೆಯ ಹತ್ತಿರ ಬಾಡಿಗೆ ಕೋಣೆ ಹಿಡಿದು ಆರು ವಾರ ಇರಬೇಕಾಗುತ್ತದೆ. ಅವರ ಮಾತಿನಲ್ಲಿ ವಿಕಿರಣ ಚಿಕಿತ್ಸೆ ಎಂದರೆ 'ಕರೆಂಟ್ ಕೊಡಿಸುವುದು'. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆಳೆದು ಅಚ್ಚು ತೆಗೆಯುತ್ತಾರೆ. ವಾರಕ್ಕೆ ಐದು ದಿನ ಅದೇ ಜಾಲರಿಯಡಿ ರೋಗಿ ಅಲುಗಾಡದೆ ಮಲಗುತ್ತಾನೆ, ಕೆನ್ನೆಯ ಮೇಲೆ ಜಾಲರಿಯ ಚೌಕಗಳು ಮೂಡಿರುವಾಗಲೇ ಎದ್ದು ಬರುತ್ತಾನೆ. ವಯಸ್ಸಾದವರಿಗೆ 40 ಗ್ರೇಯನ್ನು 15 ಕಂತುಗಳಲ್ಲಿ ಮುಗಿಸಿದರೂ ಫಲ ಕಡಿಮೆಯಾಗದೆಂದು ಪರೀಕ್ಷೆಗಳು ತೋರಿಸಿದ್ದರಿಂದ ಅಂಥವರ ಮನೆಯವರಿಗೆ ಮೂರು ವಾರದ ಬಾಡಿಗೆಯಾದರೂ ಉಳಿಯಿತು. ಆಕರಕೋಶದ ಸಿದ್ಧಾಂತದಿಂದ ಆ ಜಾಲರಿಯಡಿ ಮಲಗಿದವನಿಗೆ ಇಷ್ಟು ಪ್ರಯೋಜನವೂ ಇನ್ನೂ ದಕ್ಕಿಲ್ಲ.