ಎದ್ದು ಹೋದವರನ್ನು ಯಾರು ಕೇಳಬೇಕು?

ನಮ್ಮತ್ತೆ ಧಾರವಾಡದವರು. ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ಕ್ರೈಸ್ತ ಸಭೆಯಲ್ಲಿರುವ ಮನೆತನ. ಮದುವೆಯಾಗಿ ಅಮೆರಿಕಕ್ಕೆ ಹೋದ ಮೇಲೆ ಮನೆ ಹತ್ತಿರದ ಪ್ರೆಸ್ಬಿಟೀರಿಯನ್ (ಹಿರಿಯರ ಮಂಡಳಿ ನಡೆಸುವ ಪ್ರಾಟೆಸ್ಟಂಟ್ ಪಂಗಡ) ಚರ್ಚಿಗೆ ಸೇರಿಕೊಂಡರು. ಸುಮಾರು ಹನ್ನೆರಡು ವರ್ಷದ ಹಿಂದೆ ನಾನು ಅಲ್ಲಿಗೆ ಹೋಗಿದ್ದಾಗ ಅವರಿಗೊಂದು ದಪ್ಪ ಲಕೋಟೆ ಬಂತು. ಅವರ ಚರ್ಚು ಸೇರಿದ ಪಂಗಡ 'ಪ್ರೆಸ್ಬಿಟೀರಿಯನ್ ಚರ್ಚ್ (ಯು.ಎಸ್.ಎ.)', ಲೂಯಿವಿಲ್ ನಗರದಲ್ಲಿರುವ ಅದರ ಮುಖ್ಯ ಕಚೇರಿಯಿಂದ. ಒಳಗೆ ಪ್ರಶ್ನೆಪಟ್ಟಿ.

'ಪ್ರೆಸ್ಬಿಟೀರಿಯನ್ ಪ್ಯಾನಲ್' ಅಂತ ಅದರ ಹೆಸರು. 1973ರಿಂದ ನಡೆದುಬಂದ ಸಮೀಕ್ಷೆ. ಚೀಟಿ ಎತ್ತಿದ ಹಾಗೆ ಸದಸ್ಯರನ್ನು ಆರಿಸಿ, ಮೂರು ವರ್ಷ ಆಗಾಗ ಕೇಳುತ್ತಿದ್ದರು. ಪ್ರಾರ್ಥನೆ, ಬೈಬಲ್, ಕಾಣಿಕೆ, ಸಲಿಂಗ ಮದುವೆ, ಎಲ್ಲದರ ಬಗ್ಗೆಯೂ.

ಅತ್ತೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಪೆನ್ಸಿಲ್ ಹಿಡಿದರು. ಕಾಣಿಕೆಯ ಪ್ರಶ್ನೆಗಳೆಲ್ಲ ಸರಸರ ಮುಗಿದವು. ಮದುವೆಯ ಪ್ರಶ್ನೆ ಬಂದಾಗ ಕೈ ನಿಂತಿತು. ಗುರುತು ಹಾಕಿದರು, ಅಳಿಸಿದರು, ಮತ್ತೆ ಹಾಕಿದರು. ಕಾಗದ ತೆಳ್ಳಗಾಯಿತು. "ಇದನ್ನು ಬಾಯಲ್ಲಿ ಹೇಳಬಹುದು ಕಣೋ, ಡಬ್ಬಿಯೊಳಗೆ ಹೇಗೆ ಹಾಕೋದು?" ಅಂದರು.

ನನಗೆ ಈ ಸಮೀಕ್ಷೆಯಲ್ಲಿ ಇಷ್ಟವಾಗಿದ್ದು ಒಂದೇ. ಸದಸ್ಯರನ್ನು, ಹಿರಿಯರನ್ನು (ಚರ್ಚು ನಡೆಸಲು ಸದಸ್ಯರೇ ಆರಿಸಿದವರು), ಅಯ್ಯನವರನ್ನು (ಪಾದ್ರಿಗಳು) ಬೇರೆ ಬೇರೆಯಾಗಿ ಕೇಳಿ ಉತ್ತರಗಳನ್ನು ಪಕ್ಕಪಕ್ಕ ಇಡುತ್ತಿದ್ದರು. ಮತ್ತೆ ಮತ್ತೆ ಕಂಡದ್ದು ಏನು ಗೊತ್ತಾ? ಸಾಮಾಜಿಕ ವಿಷಯಗಳಲ್ಲಿ ಬೆಂಚಿನಲ್ಲಿ ಕೂತವರಿಗಿಂತ ಪೀಠದಲ್ಲಿ ನಿಂತವರೇ ಜಾಸ್ತಿ ಉದಾರವಾದಿಗಳು. ನಾನಂತೂ ಉಲ್ಟಾ ಅಂದುಕೊಂಡಿದ್ದೆ! ಇಂಥದ್ದನ್ನು ಮುಚ್ಚಿಡದೆ ಅಚ್ಚು ಹಾಕೋದಕ್ಕೆ ಧೈರ್ಯ ಬೇಕು. ನಮ್ಮ ಸಿ.ಎಸ್.ಐ.ಯಲ್ಲೂ (ಚರ್ಚ್ ಆಫ್ ಸೌತ್ ಇಂಡಿಯಾ) ಪ್ರೆಸ್ಬಿಟೀರಿಯನ್ ರಕ್ತ ಇದೆ, 1947ರಲ್ಲಿ ಹಲವು ಪಂಗಡ ಕೂಡಿ ಅದು ಹುಟ್ಟಿದಾಗ ಸೇರಿಕೊಂಡವರಲ್ಲಿ ಅವರೂ ಇದ್ದರು. ಆದರೆ ನನ್ನ ಸಭೆಯಲ್ಲಿ ಕಮಿಟಿ ಎಲೆಕ್ಷನ್ ಬಂದಾಗ ಬಿಟ್ಟರೆ ನನ್ನ ಅಭಿಪ್ರಾಯ ಯಾರಿಗೂ ಬೇಕಾಗಿಲ್ಲ.

ತಕರಾರೂ ಇದೆ. 2015ರಲ್ಲಿ ಅತ್ತೆಯ ಆ ಅಮೆರಿಕನ್ ಪಂಗಡ ಮದುವೆಯ ವ್ಯಾಖ್ಯೆಯನ್ನೇ ಬದಲಿಸಿ 'ಇಬ್ಬರು ವ್ಯಕ್ತಿಗಳ ನಡುವೆ' ಅಂತ ಮಾಡಿತು. ಮತ ಹಾಕಿದ್ದು ಪ್ರೆಸ್ಬಿಟರಿಗಳು, ಅಂದರೆ ಅಯ್ಯನವರು ಮತ್ತು ಹಿರಿಯರು ಕೂಡುವ ಪ್ರಾದೇಶಿಕ ಸಭೆಗಳು. ಆ ನಿರ್ಧಾರ ಸರಿ ಅಂತಲೇ ನನ್ನ ಅನಿಸಿಕೆ. ಆದರೆ ಅದರ ಹಿಂದೆ ಮುಂದೆ ಎಷ್ಟೋ ಸ್ಥಳೀಯ ಚರ್ಚುಗಳು ಆ ಪಂಗಡ ಬಿಟ್ಟು ಹೋದವು. 1983ರಲ್ಲಿ 31 ಲಕ್ಷ ದಾಟಿದ್ದ ಸದಸ್ಯರು 2023ರ ಹೊತ್ತಿಗೆ ಸುಮಾರು 11 ಲಕ್ಷಕ್ಕೆ ಇಳಿದರು. ವಯಸ್ಸಾಗಿ ಹೋದವರು, ಚರ್ಚೇ ಬೇಡ ಅಂದ ಮಕ್ಕಳು, ಎಲ್ಲ ಸೇರಿ ಅನ್ನಿ. ಬಿಟ್ಟವರು ಪಟ್ಟಿಯಲ್ಲೇ ಇರಲ್ಲ ಅಲ್ವಾ? ಆಮೇಲೆ 'ಸದಸ್ಯರ ಮನಸ್ಸು ಬದಲಾಗಿದೆ' ಅಂತ ಅಂಕಿ ತೋರಿಸಿದರೆ, ಬದಲಾಗಿದ್ದು ಮನಸ್ಸೋ ಸದಸ್ಯರೋ?

ಚರ್ಚಿನಲ್ಲಿ ಅತ್ತೆಯ ಪಕ್ಕ ಒಬ್ಬ ಅಜ್ಜಿ ಕೂರುತ್ತಿದ್ದರು. ಅಯ್ಯನವರ ಪ್ರಸಂಗ ಉದ್ದವಾದರೆ ಸದ್ದಾಗದಂತೆ ಪುದೀನ ಪೆಪ್ಪರ್‌ಮಿಂಟ್ ದಾಟಿಸುವವರು. 2015ರ ಮೇಲೆ ಆಕೆ ಬೇರೆ ಚರ್ಚಿಗೆ ಹೋದರು. ಜಗಳ ಆಡಲಿಲ್ಲ, ಕಾರಣವನ್ನೂ ಹೇಳಲಿಲ್ಲ.

ಮೊನ್ನೆ ಫೋನಿನಲ್ಲಿ ಕೇಳಿದೆ, "ಯಾಕೆ ಹೋದರು ಅಂತ ನೀವಾದರೂ ಕೇಳಿದ್ರಾ ಅತ್ತೆ?"

"ಇಲ್ಲಪ್ಪ," ಅಂದರು. "ಏನು ಹೇಳಿಬಿಡ್ತಾರೋ ಅಂತ ಭಯ ಆಯ್ತು."