ಕುಡಿಯುವ ಕಾರು, ನೇತಾಡುವ ತಂತಿ

ಕಳೆದ ಭಾನುವಾರ ಮುಂಬಯಿಯ ಮಾಟುಂಗದಲ್ಲಿ ನಮ್ಮ ಸಂಘದವರು ಪೆಟ್ರೋಲ್ ಕಾರಿನ ಭವಿಷ್ಯವನ್ನು ತೀರ್ಮಾನಿಸಿಯೇ ಬಿಡೋಣ ಎಂದು ಸೇರಿದ್ದರು. ಐದು ಗಂಟೆಯ ಸಭೆ ಆರಕ್ಕೆ ಶುರುವಾಯಿತು, ಹಳಿ ದುರಸ್ತಿಯ ಮೆಗಾಬ್ಲಾಕ್ ಇದ್ದುದರಿಂದ ಲೋಕಲ್ ರೈಲುಗಳು ತಡ. ಬಂದ ನಲವತ್ತು ಜನರಲ್ಲಿ ಕಾರು ತಂದವರು ಇಬ್ಬರೇ. ಅವರಲ್ಲೊಬ್ಬರು ನಿಲ್ಲಿಸಲು ಜಾಗ ಸಿಗದೆ ಕಿಂಗ್ಸ್ ಸರ್ಕಲ್ ಸುತ್ತ ಪ್ರದಕ್ಷಿಣೆ ಹಾಕುತ್ತಲೇ ಇದ್ದರು. ಅವರ ಅಭಿಪ್ರಾಯವನ್ನು ಫೋನಿನಲ್ಲಿ ಪಡೆಯಲಾಯಿತು.

ಪೆಟ್ರೋಲಿನ ಪರ ಎದ್ದವರು ಡೊಂಬಿವಲಿಯ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಕೈಯಲ್ಲಿ 2009ರ ಡೈರಿ. ಟ್ಯಾಂಕ್ ತುಂಬಿಸಿದಾಗಲೆಲ್ಲ ಎಷ್ಟು ಲೀಟರ್, ಎಷ್ಟು ಕಿಲೋಮೀಟರ್ ಎಂದು ನೀಲಿ ಶಾಯಿಯಲ್ಲಿ ಬರೆದ ಪುಟಗಳು. ಕೊನೆಯ ಎರಡು ಪುಟ ಮಾತ್ರ ಕೆಂಪು. ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥೆನಾಲ್, ಅಂದರೆ ಕಬ್ಬು, ಮೆಕ್ಕೆಜೋಳದಿಂದ ತೆಗೆದ ಮದ್ಯಸಾರ, ಬೆರೆತ ಮೇಲಿನ ಲೆಕ್ಕ ಅದು. “ಲೀಟರಿಗೆ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಶಕ್ತಿ ಇರುವ ಪದಾರ್ಥ ಸ್ವಾಮಿ! ಹಾಲಿಗೆ ನೀರು ಬೆರೆಸಿದರೆ ದಂಡ, ಪೆಟ್ರೋಲಿಗೆ ಇದನ್ನು ಬೆರೆಸಿದರೆ ರಾಷ್ಟ್ರೀಯ ನೀತಿ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಒಂದು ಹನಿ ಮುಟ್ಟಿಲ್ಲ. ಈಗ ಕಾರು ಕುಡಿಯಲು ಕಲಿತಿದೆ. ಏಕಾದಶಿಯ ದಿನ ಇದರಲ್ಲಿ ಕುಳಿತು ಮಠಕ್ಕೆ ಹೋಗುವುದು ಹೇಗೆ?”

2030ಕ್ಕೆ ಎಂದುಕೊಂಡಿದ್ದ ಈ ಬೆರಕೆಯ ಗುರಿಯನ್ನು ಸರಕಾರ 2025ರಲ್ಲೇ ಮುಟ್ಟಿತು ಎಂಬುದನ್ನು ಮೆಚ್ಚಲೇಬೇಕು. 2011ರಲ್ಲಿ ಶುರುವಾದ ಮುಂಬಯಿ–ಗೋವಾ ಹೆದ್ದಾರಿಯ ಅಗಲೀಕರಣವನ್ನೂ ಕಬ್ಬಿನ ಕಾರ್ಖಾನೆಯವರಿಗೇ ಒಪ್ಪಿಸಿದ್ದರೆ ನಾವು ಊರಿನ ಜಾತ್ರೆಗೆ ಸೊಂಟ ಉಳಿಸಿಕೊಂಡು ಹೋಗುತ್ತಿದ್ದೆವು.

ವಿದ್ಯುತ್ ಕಾರಿನ ಪರ ವಾದಿಸಿದವರು ಘಾಟ್‌ಕೋಪರಿನ ಹೋಟೆಲ್ ಯಜಮಾನರು. ಕಾರು ಬಂದು ಎಂಟು ತಿಂಗಳು. ಚಾರ್ಜರ್ ಕೂರಿಸಲು ಸೊಸೈಟಿಯ ಒಪ್ಪಿಗೆ ಇನ್ನೂ ಬಂದಿಲ್ಲ. ಮೊದಲ ಸಭೆಯಲ್ಲಿ “ಬೆಂಕಿ ಹತ್ತಿಕೊಂಡರೆ?” ಎಂದರು. ಎರಡನೆಯದರಲ್ಲಿ “ನಾಳೆ ಎಲ್ಲರೂ ಕೇಳಿದರೆ?” ಎಂದರು. ಮೂರನೆಯದರಲ್ಲಿ ಕೋರಂ ಇರಲಿಲ್ಲ. ಅಲ್ಲಿಯವರೆಗೆ ಇರಲಿ ಎಂದು ಯಜಮಾನರು ಮೂರನೆಯ ಮಹಡಿಯ ಅಡುಗೆಮನೆಯ ಕಿಟಕಿಯಿಂದ ತಂತಿ ಇಳಿಬಿಟ್ಟು, ಬಟ್ಟೆಯ ಕ್ಲಿಪ್ಪುಗಳಿಂದ ಅದನ್ನು ನೀರಿನ ಪೈಪಿಗೆ ಸಿಕ್ಕಿಸಿದ್ದಾರೆ. ಮನೆಯಲ್ಲಿ ಚಟ್ನಿ ರುಬ್ಬಲು ಮಿಕ್ಸರ್ ಹಾಕಿದರೆ ಫ್ಯೂಸ್ ಹೋಗುತ್ತದೆ. ಹಾಗಾಗಿ ಕಾರು ಓಡುವ ದಿನ ಚಟ್ನಿ ಇಲ್ಲ, ಚಟ್ನಿ ಇರುವ ದಿನ ಬಸ್ಸು. ಮೊನ್ನೆ ಸೊಸೈಟಿಯಿಂದ ನೋಟಿಸ್ ಬಂದಿದೆಯಂತೆ: ತಂತಿಯಿಂದ ಕಟ್ಟಡದ ಅಂದ ಕೆಡುತ್ತಿದೆ. ಆ ಕಟ್ಟಡವನ್ನು ನಾನು ನೋಡಿದ್ದೇನೆ. ಅದರ ಗೋಡೆಯ ಬಿರುಕಿನಲ್ಲಿ ಆಳೆತ್ತರದ ಅರಳಿ ಗಿಡ ಬೆಳೆದಿದೆ.

“ಆದರೂ ಹೊಗೆ ಇಲ್ಲವಲ್ಲ ಮಾರಾಯರೇ” ಎಂದರು ಯಜಮಾನರು.

“ನಿಮ್ಮ ಕರೆಂಟು ಟ್ರಾಂಬೆಯ ಸ್ಥಾವರದ ಕಲ್ಲಿದ್ದಲಿನದು!”

“ನಿಮ್ಮ ಪೆಟ್ರೋಲು ಅದರ ಪಕ್ಕದ ಮಾಹುಲಿನ ರಿಫೈನರಿಯದು!”

ಹಿಂದಿನ ಸಾಲಿನಲ್ಲಿ ಚೆಂಬೂರಿನ ಒಬ್ಬರು ಕೆಮ್ಮಿದರು. “ಜಗಳ ಬೇಡ. ಎರಡರ ಹೊಗೆಯೂ ನಮ್ಮ ಬಾಲ್ಕನಿಗೇ ಬರುತ್ತದೆ.”

ಸಿಎನ್‌ಜಿ ಪಕ್ಷದವರ ದುಃಖ ಸಾಮಾನು ಇಡುವ ಡಿಕ್ಕಿಯದು. ಸಿಲಿಂಡರ್ ಕೂತ ಮೇಲೆ ಊರಿನಿಂದ ತೆಂಗಿನಕಾಯಿ, ಕುಚ್ಚಲಕ್ಕಿ ತರಲು ಜಾಗವಿಲ್ಲ. ಹಲಸಿನಹಣ್ಣನ್ನು ಅತ್ತೆಯವರ ಮಡಿಲಲ್ಲಿಟ್ಟು ತರಬೇಕಾಯಿತಂತೆ. ಹೈಡ್ರೋಜನ್ ಬಗ್ಗೆ ಅರ್ಧ ಗಂಟೆ ಮಾತನಾಡಿದ ಹುಡುಗನ ಬಳಿ ಸೈಕಲ್ಲೂ ಇಲ್ಲ.

ಕೊನೆಗೆ ಎಂಬತ್ತು ದಾಟಿದ ಅಧ್ಯಕ್ಷರು ಮೈಕ್ ಹಿಡಿದರು. ಹುಡುಗನಾಗಿದ್ದಾಗ ಇಲ್ಲೇ ಪಕ್ಕದ ದಾದರ್ ಟಿ.ಟಿ.ಯಿಂದ ಟ್ರಾಮಿನಲ್ಲಿ ಹೋಗುತ್ತಿದ್ದೆ ಎಂದರು. ಟಿ.ಟಿ. ಎಂದರೆ ಟ್ರಾಮ್ ಟರ್ಮಿನಸ್ ಎಂಬುದೇ ಸಭೆಯ ಅರ್ಧ ಜನರಿಗೆ ಹೊಸ ಸುದ್ದಿ. 1907ರಲ್ಲಿ ಬಂದ ವಿದ್ಯುತ್ ಟ್ರಾಮನ್ನು ಈ ಊರು 1964ರಲ್ಲಿ ಅಟ್ಟಿಬಿಟ್ಟಿತು. 1962ರಲ್ಲಿ ತಂದ, ಮೇಲಿನ ತಂತಿಯ ಕರೆಂಟಿನಲ್ಲಿ ಓಡುವ ಟ್ರಾಲಿ ಬಸ್ಸನ್ನು 1971ರಲ್ಲಿ ಕಳಿಸಿಕೊಟ್ಟಿತು. 2021ರಲ್ಲಿ ವಿಕ್ಟೋರಿಯಾ ಸಾರೋಟಿನ ಕುದುರೆ ಬಿಚ್ಚಿ ಬ್ಯಾಟರಿ ಕಟ್ಟಿತು. “ಆಗ ಕುದುರೆಗೆ ಹುರುಳಿ ಹಾಕುತ್ತಿದ್ದರು. ಈಗ ಸಾರೋಟಿಗೆ ಕರೆಂಟು, ಕಾರಿಗೆ ಮೆಕ್ಕೆಜೋಳ” ಎಂದು ಕುಳಿತರು. ವಿಷಯ ಮುಂದಿನ ಸಭೆಗೆ ಹೋಯಿತು.

ಎಲ್ಲರೂ ಮಾಟುಂಗ ಸ್ಟೇಷನ್ನಿಗೆ ಓಡಿ ಕಲ್ಯಾಣದ ಸ್ಲೋ ಲೋಕಲ್ ಹಿಡಿದೆವು. 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ಓಡಿದ ದೇಶದ ಮೊದಲ ವಿದ್ಯುತ್ ರೈಲಿನ ಸಂತಾನ ಅದು. ಮ್ಯಾನೇಜರರು ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದರಲ್ಲಿ ಡೈರಿ ಹಿಡಿದು, “ವಿದ್ಯುತ್ ವಾಹನ ಈ ಊರಿಗೆ ಒಗ್ಗುವುದಿಲ್ಲ, ಬರೆದಿಟ್ಟುಕೊಳ್ಳಿ” ಎನ್ನುತ್ತಿದ್ದಂತೆ ಘಾಟ್‌ಕೋಪರ್ ಬಂತು. ಇಳಿಯುವವರ ನೂಕಿಗೆ ಯಜಮಾನರ ಜೊತೆ ಅವರೂ ಪ್ಲಾಟ್‌ಫಾರ್ಮಿಗೆ ಬಂದು ಬಿದ್ದರು. ಡೈರಿ ಮಾತ್ರ ಕಲ್ಯಾಣಕ್ಕೆ ಹೋಯಿತು.