ಮನೆಯ ರೂಢಿ ಪ್ರಾಜೆಕ್ಟ್: ಚಾರ್ಟ್ ಬಿಡಿ, ಪ್ರಶ್ನೆ ಕೇಳೋದು ಕಲಿಸಿ

ಪ್ರೈಮರಿ ಮಕ್ಕಳಿಗೆ ‘ನಮ್ಮ ಮನೆಯ ಸಂಪ್ರದಾಯ’ ಅಂತ ಪ್ರಾಜೆಕ್ಟ್ ಕೊಟ್ಟರೆ ಸಾಮಾನ್ಯವಾಗಿ ಆಗೋದು ಇಷ್ಟು. ಸೋಮವಾರದ ಚಾರ್ಟನ್ನು ಭಾನುವಾರ ರಾತ್ರಿ ಅಪ್ಪ ಅಮ್ಮ ಕೂತು ಅಂಟಿಸುತ್ತಾರೆ. ನೆಟ್‌ನಿಂದ ಪ್ರಿಂಟ್ ತೆಗೆದ ನಾಲ್ಕು ಚಿತ್ರ, ಗ್ಲಿಟರ್ ಪೆನ್ನಿನ ಬಾರ್ಡರ್, ಮಗುವಿಗೆ ಬಾಯಿಪಾಠ ಮಾಡಿಸಿದ ಐದು ವಾಕ್ಯ. ಗೋಡೆಗೆ ಹಾಕಿದ ಮೇಲೆ ನೋಡಿದರೆ ಮೂವತ್ತು ಚಾರ್ಟೂ ಒಂದೇ ಮನೆಯಿಂದ ಬಂದ ಹಾಗಿರುತ್ತವೆ.

ಈ ಪ್ರಾಜೆಕ್ಟಿನಿಂದ ಮಗು ಕಲಿಯಬೇಕಾದ ಮುಖ್ಯ ಕೆಲಸ ಒಂದೇ: ಮನೆಯ ಒಬ್ಬ ಹಿರಿಯರನ್ನು ಕೂರಿಸಿಕೊಂಡು ಸರಿಯಾಗಿ ಪ್ರಶ್ನೆ ಕೇಳೋದು. ಅದು ಬಂದರೆ ಮಿಕ್ಕದ್ದು ತಾನಾಗಿ ಬರುತ್ತದೆ. ಇದೇನೂ ಹೊಸ ವಿಚಾರ ಅಲ್ಲ. 1966ರಲ್ಲಿ ಅಮೆರಿಕದ ಜಾರ್ಜಿಯಾದ ಬೆಟ್ಟ ಪ್ರದೇಶದ ಒಂದು ಶಾಲೆಯಲ್ಲಿ ‘ಫಾಕ್ಸ್‌ಫೈರ್’ ಅನ್ನೋ ಪತ್ರಿಕೆಯ ಕೆಲಸ ಶುರುವಾಯಿತು. ಹೈಸ್ಕೂಲು ಮಕ್ಕಳು ಊರಿನ ಹಿರಿಯರ ಹತ್ತಿರ ಹೋಗಿ ಮರದ ದಿಮ್ಮಿಯ ಮನೆ ಕಟ್ಟೋದು ಹೇಗೆ, ಸೋಪು ಮಾಡೋದು ಹೇಗೆ ಅಂತ ಹಂತ ಹಂತವಾಗಿ ಕೇಳಿ ಬರೆದರು. ಅಲ್ಲಿ ಅವರು ಕೇಳಿದ್ದು ‘ಹೇಗೆ’ ಅನ್ನೋ ಪ್ರಶ್ನೆ. ‘ನಮ್ಮ ಪರಂಪರೆಯ ಮಹತ್ವವೇನು’ ಅಂತ ಕೇಳಿದ್ದರೆ ಭಾಷಣ ಸಿಗುತ್ತಿತ್ತು, ಸೋಪು ಸಿಗುತ್ತಿರಲಿಲ್ಲ.

ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಮೂರು ವಾರ ಸಾಕು. ಮೊದಲ ಉದಾಹರಣೆ ಟೀಚರೇ ಕೊಡಬೇಕು, ಅದು ಚಿಕ್ಕದಾಗಿರಬೇಕು. ಟೀಚರ್ ದೊಡ್ಡ ಹಬ್ಬದ ಕಥೆ ಹೇಳಿದರೆ ಇಡೀ ತರಗತಿ ಹಬ್ಬವನ್ನೇ ತರುತ್ತದೆ, ಮತ್ತೆ ಅದೇ ಚಾರ್ಟು. ಮಗುವನ್ನು ಮಲಗಿಸಲು ಗುನುಗುವ ಎರಡು ಸಾಲು, ಪ್ರಯಾಣ ಹೊರಡುವಾಗ ಬಾಗಿಲಲ್ಲಿ ನಿಂತು ಆಡುವ ಮಾತು, ಹರಿದ ಬಟ್ಟೆಗೆ ತೇಪೆ ಹಾಕುವ ಕ್ರಮ, ಇಂಥದ್ದು ಹೇಳಿದರೆ ‘ಓ, ಇದೂ ನಡೆಯುತ್ತಾ?’ ಅಂತ ಮಕ್ಕಳ ಕಿವಿ ನಿಮಿರುತ್ತದೆ. ನಿಯಮ ಇಷ್ಟೇ: ಒಬ್ಬ ಮಗು, ಒಬ್ಬ ಹಿರಿಯರು, ಒಂದೇ ರೂಢಿ.

ಮೊದಲ ವಾರ ಪೂರ್ತಿ ತರಗತಿಯಲ್ಲೇ ಅಭ್ಯಾಸ. ಇಬ್ಬಿಬ್ಬರು ಎದುರುಬದುರು ಕೂತು ಒಬ್ಬರು ಕೇಳಬೇಕು, ಒಬ್ಬರು ಹೇಳಬೇಕು. ಹೌದು ಅಥವಾ ಇಲ್ಲ ಅಂತ ಮುಗಿಯುವ ಪ್ರಶ್ನೆಗಳನ್ನು ಮಕ್ಕಳೇ ಹುಡುಕಿ ಹೊಡೆದುಹಾಕಲಿ. ಆರು ಪ್ರಶ್ನೆಗಿಂತ ಹೆಚ್ಚು ಬೇಡ. ಹೆಚ್ಚಾದರೆ ಮಗು ಉತ್ತರ ಕೇಳಿಸಿಕೊಳ್ಳೋದು ಬಿಟ್ಟು ಪಟ್ಟಿ ಮುಗಿಸುವ ಅವಸರಕ್ಕೆ ಬೀಳುತ್ತದೆ. ಯಾರು ಕಲಿಸಿದರು, ಮೊದಲು ಏನು ಮಾಡುತ್ತೀರಿ, ತಪ್ಪಾದರೆ ಹೇಗೆ ಗೊತ್ತಾಗುತ್ತದೆ, ಮೊದಲಿಗೂ ಈಗಿಗೂ ಏನು ಬದಲಾಗಿದೆ, ಇವು ಎಲ್ಲಿ ಕೇಳಿದರೂ ಕೆಲಸ ಮಾಡುವ ಪ್ರಶ್ನೆಗಳು. ಇವುಗಳ ಜೊತೆಗೆ ಎಲ್ಲ ಮಕ್ಕಳ ಬಾಯಲ್ಲೂ ಕೂರಬೇಕಾದ್ದು ‘ಆಮೇಲೆ?’ ಅನ್ನೋದು.

ಹೇಗೆ ಅನ್ನೋದನ್ನು ಹಿಡಿಯೋದು ಹೇಗೆ? ಅಜ್ಜಿ ‘ಒಂದು ಹಿಡಿ ಹಾಕಬೇಕು’ ಅಂದರೆ ಅಲ್ಲಿಗೇ ಬಿಡಬಾರದು. ಅಜ್ಜಿಯ ಹಿಡಿಯನ್ನು ಬಟ್ಟಲಿಗೆ ಸುರಿಸಿ ಎಷ್ಟು ಚಮಚ ಅಂತ ಎಣಿಸಬೇಕು. ಹೀಗೆ ಮೂರು ಸಲ. ಆಮೇಲೆ ಮಗು ತನ್ನ ಹಿಡಿಯನ್ನೂ ಅಳೆಯಲಿ. ಎರಡೂ ಅಂಕಿ ಅಕ್ಕಪಕ್ಕ ಬರೆದಾಗ, ಅಜ್ಜಿ ಹೇಳಿದಂತೆಯೇ ಮಾಡಿದರೂ ಬೇರೆಯವರ ಕೈಯಲ್ಲಿ ಯಾಕೆ ಕೆಡುತ್ತದೆ ಅಂತ ಮಗುವಿಗೇ ಹೊಳೆಯುತ್ತದೆ. ಕೈಕೆಲಸವಾದರೆ ಮುಖದ ಫೋಟೋ ಬೇಡ, ಕೈಯ ಫೋಟೋ ಬೇಕು. ಅದೂ ಮಾಡುವವರ ಹೆಗಲ ಹಿಂದಿನಿಂದ ತೆಗೆಯಬೇಕು. ಎದುರಿನಿಂದ ತೆಗೆದರೆ ಎಡಬಲ ಅದಲುಬದಲಾಗಿ ಗಂಟು ಹಾಕೋದನ್ನು ಕಲಿಯೋದು ಕಷ್ಟ.

ರೆಕಾರ್ಡಿಂಗ್‌ಗೆ ಮನೆಯವರ ಫೋನ್ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಮಾತಿನ ನಡುವೆಯೇ ಕರೆ ಬರುತ್ತದೆ. ಫ್ಯಾನ್, ಟಿವಿ ಆರಿಸಿ. ಫೋನನ್ನು ಮಾತಾಡುವವರಿಂದ ಒಂದು ಗೇಣು ದೂರದಲ್ಲಿ ಮಡಿಸಿದ ಬಟ್ಟೆಯ ಮೇಲೆ ಇಡಿ, ಬರೀ ಮೇಜಿನ ಮೇಲಿಟ್ಟರೆ ಬೆರಳು ತಟ್ಟಿದ್ದೂ ಗುಡುಗಿನಂತೆ ಕೇಳುತ್ತದೆ. ಹತ್ತು ನಿಮಿಷ ಸಾಕು. ಅದನ್ನು ಪೂರ್ತಿ ಬರೆದು ತಾ ಅನ್ನೋದು ಮಗುವಿಗೆ ಶಿಕ್ಷೆ, ದೊಡ್ಡವರಿಗೇ ಗಂಟೆ ಹಿಡಿಯುತ್ತದೆ. ಇಷ್ಟವಾದ ಒಂದು ನಿಮಿಷ ಆರಿಸಿ, ಅದನ್ನು ಹಿರಿಯರ ಮಾತಿನಲ್ಲೇ ಬರೆದರಾಯಿತು. ಆ ಬರವಣಿಗೆ ಶಾಲೆಯಲ್ಲೇ ಆಗಲಿ. ಮನೆಯಲ್ಲಿ ನಡೆಯಬೇಕಾದ್ದು ಮಾತುಕತೆ ಮಾತ್ರ, ಅಪ್ಪ ಅಮ್ಮನ ಕೈವಾಡ ಅಲ್ಲಿಗೆ ನಿಲ್ಲುತ್ತದೆ.

ಇನ್ನು ವಂಶವೃಕ್ಷ. ದಯವಿಟ್ಟು ಬಿಡಿ. ತಂದೆ ತಾಯಿ ಬೇರೆಯಾಗಿರುವ, ದತ್ತು ಬಂದಿರುವ, ಹಾಸ್ಟೆಲ್‌ನಲ್ಲಿ ಬೆಳೆಯುತ್ತಿರುವ, ಈಚೆಗಷ್ಟೇ ಯಾರನ್ನೋ ಕಳೆದುಕೊಂಡ ಮಗುವಿಗೆ ಆ ಖಾಲಿ ಚೌಕಗಳು ಎಲ್ಲರೆದುರು ಚುಚ್ಚುತ್ತವೆ. ಮನೆಗೆ ಕಳಿಸುವ ಪತ್ರದಲ್ಲೇ ‘ಮಗುವನ್ನು ನೋಡಿಕೊಳ್ಳುವ ಯಾರಾದರೂ ಸರಿ’ ಅಂತ ಬರೆಯಿರಿ. ಪಕ್ಕದ ಮನೆಯವರು, ವಾರ್ಡನ್, ದೊಡ್ಡ ಅಕ್ಕ, ಯಾರೂ ಆಗಬಹುದು. ಹೋದ ವರ್ಷ ಶುರುವಾದ ರೂಢಿಯೂ ಆಗಬಹುದು. ಪರಂಪರೆ ನಿರಂತರವಾಗಿ ಹೊಸದಾಗಿ ಸೃಷ್ಟಿಯಾಗುತ್ತಿರುತ್ತದೆ ಅಂತ ಆಚರಣೆ, ಕೈಕೆಲಸದಂಥ ಪರಂಪರೆಯನ್ನು ಉಳಿಸುವ ಕುರಿತ ಯುನೆಸ್ಕೋದ 2003ರ ಒಪ್ಪಂದವೇ ಹೇಳುತ್ತದೆ, ನಾವು ಯಾಕೆ ನೂರು ವರ್ಷದ ಹಳಮೆಗೆ ಪಟ್ಟು ಹಿಡಿಯಬೇಕು?

ಅಜ್ಜ ಒಂದು ಹೇಳುತ್ತಾರೆ, ಚಿಕ್ಕಮ್ಮ ಇನ್ನೊಂದು ಹೇಳುತ್ತಾರೆ. ಮಕ್ಕಳು ಗಾಬರಿಯಾಗಿ ‘ಯಾವುದು ಸರಿ ಮಿಸ್?’ ಅಂತ ಬರುತ್ತಾರೆ. ಎರಡನ್ನೂ ಹೆಸರು ಸಮೇತ ಬರೆಯಲಿ, ತೀರ್ಪು ಕೊಡಬೇಡಿ. ನನ್ನ ಕಣ್ಣಿಗೆ ಇಡೀ ಪ್ರಾಜೆಕ್ಟಿನಲ್ಲಿ ಅತ್ಯಂತ ಬೆಲೆಯ ಪುಟ ಅದೇ.

ಹಂಚಿಕೊಳ್ಳುವ ದಿನ ಎಡವೋದು ಸಮಯದ ಲೆಕ್ಕದಲ್ಲಿ. 36 ಮಕ್ಕಳು ತಲಾ ನಾಲ್ಕು ನಿಮಿಷ ಅಂದರೆ 144 ನಿಮಿಷ. ಹತ್ತನೆಯ ಮಗುವಿನ ಹೊತ್ತಿಗೇ ಹಿಂದಿನ ಬೆಂಚು ನಿದ್ದೆಗೆ ಜಾರಿರುತ್ತದೆ. ಬದಲಿಗೆ ದಿನಕ್ಕೆ ಆರು ಮಕ್ಕಳು ಆರು ಕಡೆ ಕೂರಲಿ, ಉಳಿದ ಮೂವತ್ತು ಮಕ್ಕಳು ಐದೈದರ ಗುಂಪಾಗಿ ಆರಾರು ನಿಮಿಷಕ್ಕೆ ಜಾಗ ಬದಲಿಸಲಿ. 36 ನಿಮಿಷ, ಒಂದು ಪಿರಿಯಡ್. ಆರು ದಿನಕ್ಕೆ ತರಗತಿ ಮುಗಿಯಿತು. ಒಂದು ತೊಡಕಿದೆ: ಒಂದೇ ದಿನ ಕೂತ ಆರು ಮಕ್ಕಳು ಒಬ್ಬರದನ್ನೊಬ್ಬರು ಕೇಳಿರೋದಿಲ್ಲ. ಅವರಿಗೆ ಬೇರೆ ಸಮಯ ಮಾಡಿಕೊಡಿ. ಹೇಳಿದ್ದನ್ನೇ ಆರು ಸಲ ಹೇಳುವಾಗ ಬಾಯಿಪಾಠ ಕಳಚಿ ಮಾತು ಬರುತ್ತದೆ, ಇದು ಈ ಕ್ರಮದ ದೊಡ್ಡ ಲಾಭ.

ಬಹುಮಾನ, ರ್‍ಯಾಂಕ್ ಬೇಡವೇ ಬೇಡ. ಯಾರ ಮನೆಯ ರೂಢಿ ಮೊದಲನೆಯದು ಅಂತ ಹೇಳಲು ನಾವು ಯಾರು? ಅಂಕ ಕೊಡಲೇಬೇಕಾದರೆ ಪ್ರಶ್ನೆಪಟ್ಟಿಗೆ ಮತ್ತು ಅದನ್ನು ತಿದ್ದಿದ ರೀತಿಗೆ ಕೊಡಿ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್, ರಾಬಿನ್ ಫೈವುಶ್ ಅನ್ನೋ ಮನಶ್ಶಾಸ್ತ್ರಜ್ಞರು ಕುಟುಂಬದ ಬಗ್ಗೆ ಮಕ್ಕಳಿಗೆ ಎಷ್ಟು ಗೊತ್ತು ಅಂತ ತಿಳಿಯಲು 20 ಪ್ರಶ್ನೆಗಳ ಪಟ್ಟಿ ಮಾಡಿದ್ದರು. ಅದನ್ನು ಶಾಲೆಗಳು ಪರೀಕ್ಷೆಯಂತೆ ಬಳಸಿದರೆ ಪ್ರಯೋಜನವಿಲ್ಲ. ಉತ್ತರ ಬಾಯಿಪಾಠ ಮಾಡಿಸಿದರೆ ಏನೂ ಸಿಗೋದಿಲ್ಲ, ಆ ಕಥೆಗಳು ಮನೆಯಲ್ಲಿ ಓಡಾಡುವ ಮಾತುಕತೆಯೇ ಮುಖ್ಯ ಅಂತ ಡ್ಯೂಕ್ ಅವರೇ ಎಚ್ಚರಿಸಿದ್ದಾರೆ.

ಕೊನೆಯದಾಗಿ ಒಪ್ಪಿಗೆ. ಮೂರು ಸಾಲು ಬೇರೆ ಬೇರೆ ಇರಲಿ: ತರಗತಿಯಲ್ಲಿ ಹೇಳಬಹುದೇ, ಶಾಲೆಯಲ್ಲಿ ಪ್ರದರ್ಶಿಸಬಹುದೇ, ಆನ್‌ಲೈನ್ ಹಾಕಬಹುದೇ. ಮೊದಲನೆಯದಕ್ಕೆ ಹೂಂ ಅಂದವರು ಮೂರನೆಯದಕ್ಕೂ ಹೂಂ ಅಂದಂತಲ್ಲ. ಕೆಲವು ರೂಢಿಗಳನ್ನು ಹೊರಗೆ ಹೇಳಬಾರದು ಅನ್ನುವ ಮನೆಗಳೂ ಇರುತ್ತವೆ, ಆ ಮಗು ಬೇರೆ ವಿಷಯ ಆರಿಸಲಿ, ಕಾರಣ ಕೇಳಬೇಡಿ. ಹಳೆಯ ವಸ್ತು ಶಾಲೆಗೆ ತರಿಸಬೇಡಿ, ಫೋಟೋ ಸಾಕು. ಆಡಿಯೋ ಫೈಲಿಗೆ ಮಗುವಿನ ಹೆಸರು, ಹಿರಿಯರ ಸಂಬಂಧ, ದಿನಾಂಕ ಇರುವಂತೆ ಹೆಸರಿಡಿ, ಮೂಲ ಪ್ರತಿ ಮನೆಯವರ ಹತ್ತಿರವೇ ಇರಲಿ. ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿ ಕೈತೊಳೆದುಕೊಂಡರೆ ಮುಂದಿನ ತಿಂಗಳು ಹುಡುಕಿದರೂ ಸಿಗೋದಿಲ್ಲ.